ಒಂದ ಆರ್ಡರ್ ಎರಡಾಗಿ ಬೀಳತೈತಿ: ಅವ್ವನ ರೊಟ್ಟಿ ಫಾರ್ಮಿಗೆ ಏನ್ ಮಾಡ್ಲಿ?

ಮುಳಗುಂದ ನಾಕಾ, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮವ್ವ ಗದಗಿನ್ಯಾಗ ರೊಟ್ಟಿ ಮಾಡಿ ಕೊಡತಾಳ. ಆಕಿ ಜೋಡಿ ಓಣ್ಯಾಗಿನ ಆರು ಮಂದಿ ಹೆಣ್ಣಮಕ್ಕಳು ಅದಾರ. ಬಿಳಿಜ್ವಾಳದ ಮೆತ್ತನ ರೊಟ್ಟಿ, ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಜೋಡಿಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ. ಮದುವಿ, ಕುಬಸ, ಗುಡಿ ಕಾರ್ಯ ಅಂದ್ರ ದೊಡ್ಡ ಆರ್ಡರ್ ಬರತಾವ. ಮೊದಲ ಎಲ್ಲಾ ಫೋನಿನ ಮ್ಯಾಲ ನಡೀತಿತ್ತು. ಹಿಟ್ಟಿನ ಕೈಲೆ ಫೋನ್ ಎತ್ತಾಕ ಆಗೂದಿಲ್ಲಂತ ಹೋದ ವರ್ಷ ನಾನ ಕುಂತು ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟೆ. ನಾ ಬಿಕಾಂ ಓದಿದಾಕಿ, ಹಗಲೆಲ್ಲಾ ಒಂದು ಕಡೆ ಅಕೌಂಟ್ಸ್ ನೋಡತೀನಿ. ಸೈಟ್ ಓಡಸೂ ಪಿಎಚ್‌ಪಿ, ಆರ್ಡರ್ ಬರದಿಡೂ ಡೇಟಾಬೇಸ್ ಮೈಎಸ್‌ಕ್ಯೂಎಲ್, ಎರಡೂ ರಾತ್ರಿ ಕುಂತು ಕಲತದ್ದು.

ಫಾರ್ಮಿನ್ಯಾಗ ಹೆಸರು, ಫೋನ್ ನಂಬರ್, ಯಾವ ದಿನಕ್ಕ, ಯಾವ ರೊಟ್ಟಿ, ಎಷ್ಟು, ಎಲ್ಲಿಗೆ ಮುಟ್ಟಿಸಬೇಕು, ಇಷ್ಟ ಐತಿ. ಕೆಳಗ ‘ಆರ್ಡರ್ ಕಳಿಸಿ’ ಅಂತ ಒಂದು ಬಟನ್. ಒತ್ತಿದ್ರ ಟೇಬಲ್‌ನ್ಯಾಗ ಒಂದು ಸಾಲು ಬೀಳತೈತಿ, ಗಿರಾಕಿಗೆ ಎಸ್‌ಎಂಎಸ್ ಹೋಗತೈತಿ, ಆಮ್ಯಾಲ ‘ನಿಮ್ಮ ಆರ್ಡರ್ ಬಂತು’ ಅನ್ನೂ ಪೇಜ್ ಬರತೈತಿ. ರಾತ್ರಿ 9ಕ್ಕ ಮರುದಿನದ ಪಟ್ಟಿ ಅವ್ವನ ಫೋನಿಗೆ ಬರತೈತಿ. ಆಕಿ ಅದನ್ನ ನೋಡಿ ಹಿಟ್ಟು ಅಳೀತಾಳ.

ಹೋದ ತಿಂಗಳು ಲಕ್ಷ್ಮೇಶ್ವರದ ಕಡೆಯ ಒಂದು ಮನಿಯಿಂದ ಕುಬಸಕ್ಕ ಅಂತ 300 ಮೆತ್ತನ ರೊಟ್ಟಿ ಆರ್ಡರ್ ಬಂತು. ಟೇಬಲ್‌ನ್ಯಾಗ ಎರಡು ಸಾಲು, 418 ಮತ್ತ 419. ನಡುವ 7 ಸೆಕೆಂಡ್ ಅಂತರ. ಅವ್ವನ ಪಟ್ಟಿಯೊಳಗ ಸೆಕೆಂಡ್ ಕಾಣೂದಿಲ್ಲ. ಮಧ್ಯಾಹ್ನದ ಊಟಕ್ಕ 300, ರಾತ್ರಿ ಊಟಕ್ಕ 300 ಕೇಳ್ಯಾರ ಅಂತ ಆಕಿ ತಿಳಕೊಂಡ್ಲು. ಹೆಣ್ಣಮಕ್ಕಳು ನಸುಕಿನ 3ಕ್ಕ ಬಂದು ಒಲಿ ಹೊತ್ತಿಸಿದ್ರು. ನಮ್ಮಲ್ಲೆ ಕೆಜಿ ಹಿಟ್ಟಿಗೆ 15 ರೊಟ್ಟಿ ಲೆಕ್ಕ, ಅಂದ್ರ 40 ಕೆಜಿ ಹಿಟ್ಟು. ಹತ್ತು ಗಂಟೆಕ್ಕ ಅವರ ಗಾಡಿ ಬಂತು, 300 ಎಣಿಸಿಕೊಂಡು ಹೋತು. ಉಳಿದ 300 ಬುಟ್ಟಿಯೊಳಗ ಅರಿವಿ ಮುಚ್ಚಿ ಇಟ್ಟಿದ್ದು ಹಂಗ ಉಳದ್ವು. ಫೋನ್ ಹಚ್ಚಿ ಕೇಳಿದ್ರ, “ನಾವು ಕೇಳಿದ್ದ ಒಮ್ಮೆ ರೀ, ಚಕ್ರ ತಿರುಗಕೋತ ನಿಂತಿತ್ತು ಅಂತ ಇನ್ನೊಮ್ಮೆ ಒತ್ತಿದ್ವಿ” ಅಂದ್ರು. ಅವರದೇನೂ ತಪ್ಪಿಲ್ಲ. ಒಂದಿಷ್ಟು ರೊಟ್ಟಿ ಹಂಚಿನ ಮ್ಯಾಲ ಒಣಗಿಸಿ ಕಡಕ್ ಮಾಡಿದ್ವಿ, ಉಳದದ್ದು ಮಠದ ದಾಸೋಹಕ್ಕ ಕೊಟ್ಟು ಬಂದೆ. ಆರೂ ಮಂದಿಗೆ ಅವ್ವ ಪೂರಾ ಕೂಲಿ ಕೊಟ್ಲು. ನನಗ ಒಂದು ಮಾತೂ ಅನ್ನಲಿಲ್ಲ. ಎಲ್ಲಾರಕಿಂತ ಹಿರೇಕಿ ಕಾಕು ಮನಿಗೆ ಹೋಗೂಮುಂದ ಕೈ ತೊಳಕೊಂಡು ಅಂಗೈ ನೋಡಿಕೊಂಡ್ಲು. ಬಡದು ಬಡದು ಹೆಬ್ಬೆರಳಿನ ಬುಡಕ್ಕ ಕೆಂಪಾಗಿ ಬೊಬ್ಬಿ ಎದ್ದಿತ್ತು. ಆ ಕೈ ನನ್ನ ಕಣ್ಣಿಂದ ಹೋಗವಲ್ಲದು.

ಅವತ್ತ ರಾತ್ರಿ ಕುಂತು ಬಟನ್ ಕ್ಲಿಕ್ ಆದ ಕೂಡಲೆ ಅದನ್ನ ಡಿಸೇಬಲ್ ಮಾಡೂ ಹಂಗ, ಅಂದ್ರ ಮತ್ತ ಒತ್ತಾಕ ಬರದಂಗ, ಜಾವಾಸ್ಕ್ರಿಪ್ಟ್ (ಬ್ರೌಸರಿನ್ಯಾಗ ಓಡೂ ಕೋಡ್) ಬರದೆ. ಅದರಿಂದ ಬ್ಯಾರೆ ತೊಂದ್ರಿ ಬಂತು. ಫೋನ್ ನಂಬರ್ ಬಿಟ್ಟು ಒತ್ತಿದವರಿಗೆ ‘ನಂಬರ್ ತುಂಬಿ’ ಅಂತ ತೋರಸತೈತಿ, ಆದ್ರ ಬಟನ್ ಸತ್ತ ಇರತೈತಿ, ತುಂಬಿದ ಮ್ಯಾಲೂ ಒತ್ತಾಕ ಬರೂದಿಲ್ಲ. ಮುಂದಿನ ವಾರ ಮತ್ತೊಂದು ಆರ್ಡರ್ ಎರಡಾಗಿ ಬಿತ್ತು. ಅಲ್ಲೆ ನೆಟ್‌ವರ್ಕ್ ಹೋಗಿತ್ತಂತ, ಗಿರಾಕಿ ಪೇಜ್ ರಿಫ್ರೆಶ್ ಮಾಡ್ಯಾರ.

ಆಮ್ಯಾಲ ಸರ್ವರ್ ಕಡೆ ಒಂದು ಪರೀಕ್ಷಾ ಹಾಕಿದೆ. ಅದ ಫೋನ್ ನಂಬರ್, ಅದ ದಿನ, ಅಷ್ಟ ರೊಟ್ಟಿ, ಐದು ನಿಮಿಷದೊಳಗ ಬಂದ್ರ ಎರಡನೇದ್ದು ತಗೋಬ್ಯಾಡ ಅಂತ. ಆಗ ಒಬ್ಬ ಅಕ್ಕಾರು ತವರಮನಿಗೆ 100, ಗಂಡನ ಮನಿಗೆ 100 ಅಂತ ಖರೇನ ಎರಡು ಆರ್ಡರ್ ಹಾಕಿದ್ರು. ಎರಡನೇದ್ದು ಹೋಗಲಿಲ್ಲ. ಗಂಡನ ಮನಿಯೊಳಗ ಮಂದಿ ಊಟಕ್ಕ ಕುಂತ ಮ್ಯಾಲ ರೊಟ್ಟಿ ಬಂದಿಲ್ಲ ಅನ್ನೂದು ಗೊತ್ತಾಗೈತಿ. ಅದು ಮೊದಲನೇದಕಿಂತ ಕೆಟ್ಟ ಆತು.

ಹೆಚ್ಚಿಗೆ ಮಾಡಿದ್ರ ಅವ್ವಗ ಲುಕ್ಸಾನ, ಕಡಿಮಿ ಮಾಡಿದ್ರ ಗಿರಾಕಿ ಮರ್ಯಾದಿ ಹೋಗತೈತಿ. ಒಂದ ಆರ್ಡರ್ ಎರಡು ಸಲ ಬಂದದ್ದು ಯಾವುದು, ಎರಡು ಆರ್ಡರ್ ಒಂದ ನಮೂನಿ ಇರೂದು ಯಾವುದು, ಇದನ್ನ ಹೆಂಗ ಗುರ್ತಾ ಹಿಡೀಬೇಕು? ತಿಳದವರು ಹೇಳ್ರಿ.

ಉಣಕಲ್ ಕೆರಿ, ಹುಬ್ಬಳ್ಳಿ

ಅಕ್ಕಾರ, ಕಾಕುನ ಕೈ ಸುದ್ದಿ ಓದಿ ಸಂಕಟ ಆತು. ನಾ ಒಂಬತ್ತು ವರ್ಷದಿಂದ ಇದ ಕೆಲಸದೊಳಗ ಅದೀನಿ. ಮೊದಲ ಬಟನ್ನಿನ ಕತಿ ಮುಗಸೂಣು.

ನೀವು ಬಟನ್ನಿನ ಕ್ಲಿಕ್ ಹಿಡದೀರಿ. ಹಿಡೀಬೇಕಾದ್ದು ಫಾರ್ಮಿನ ಸಬ್ಮಿಟ್ ಇವೆಂಟ್, ಅಂದ್ರ ಫಾರ್ಮ್ ಖರೇನ ಹೊರಡೂ ಗಳಿಗಿ. ಕ್ಲಿಕ್ ಅನ್ನೂದು ಬೆರಳು ಮುಟ್ಟಿದ ಕೂಡಲೆ ಆಗತೈತಿ, ಫಾರ್ಮ್ ಸರಿ ತುಂಬ್ಯಾರೋ ಇಲ್ಲೋ ಅನ್ನೂದರ ಮೊದಲ. ಖಾಲಿ ಜಾಗಾ ಇದ್ರ ಬ್ರೌಸರ್ ಅಲ್ಲೇ ತಡೀತೈತಿ, ಸಬ್ಮಿಟ್ ಇವೆಂಟ್ ಬರೂದ ಇಲ್ಲ. ಹಿಂಗಾಗಿ ಸಬ್ಮಿಟ್ ಇವೆಂಟಿನ್ಯಾಗ ಡಿಸೇಬಲ್ ಮಾಡಿದ್ರ ಬಟನ್ ಸುಮ್ನ ಸಾಯೂದಿಲ್ಲ. ಇನ್ನೊಂದು, ಕೀಬೋರ್ಡಿನ ಎಂಟರ್ ಒತ್ತಿ ಫಾರ್ಮ್ ಕಳಸೂ ಮಂದಿನೂ ಇದರೊಳಗ ಸಿಗತಾರ.

ಬಟನ್ ಡಿಸೇಬಲ್ ಮಾಡಿ ಸುಮ್ನ ಬಿಡಬ್ಯಾಡ್ರಿ. ಅದರ ಮ್ಯಾಲಿನ ಅಕ್ಷರ ‘ಕಳಸಾಕತ್ತೈತಿ, ತಡೀರಿ’ ಅಂತ ಬದಲಿ ಮಾಡ್ರಿ. ಗಿರಾಕಿ ಹಿಂದಕ್ಕ ಬಂದಾಗ ಕೆಲವು ಬ್ರೌಸರ್ ಹಳೇ ಪೇಜನ್ನ ಇದ್ದದ್ದು ಇದ್ದಂಗ ಎತ್ತಿ ಕೊಡತಾವ, ಆಗ ಬಟನ್ ಸತ್ತ ಸ್ಥಿತಿಯೊಳಗ ಇರತೈತಿ. ಪೇಜ್‌ಶೋ ಅನ್ನೂ ಇವೆಂಟಿನ್ಯಾಗ ಅದನ್ನ ಮತ್ತ ಜೀವಂತ ಮಾಡ್ರಿ. ಫೈರ್‌ಫಾಕ್ಸ್ ರೀಲೋಡ್ ಆದ ಮ್ಯಾಲೂ ಡಿಸೇಬಲ್ ನೆನಪಿಟ್ಟಿರತೈತಿ, ಅದಕ್ಕ ಬಟನ್ನಿಗೆ ಆಟೋಕಂಪ್ಲೀಟ್ ಆಫ್ ಅಂತ ಹಾಕ್ರಿ.

ರಿಫ್ರೆಶ್ ತೊಂದ್ರಿ ಎರಡನೇದ್ದು. ಈಗ ನೀವು ಪೋಸ್ಟ್‌ಗೆ (ಫಾರ್ಮಿನ ಮಾಹಿತಿ ಸರ್ವರಿಗೆ ಒಯ್ಯೂ ಕೋರಿಕಿ) ಉತ್ತರ ಅಂತ ‘ಆರ್ಡರ್ ಬಂತು’ ಪೇಜನ್ನ ಸೀದಾ ಕೊಡಾಕತ್ತೀರಿ ಅನಸತೈತಿ. ಆಗ ರಿಫ್ರೆಶ್ ಮಾಡಿದ್ರ ಬ್ರೌಸರ್ ಅದ ಪೋಸ್ಟನ್ನ ಮತ್ತ ಕಳಸತೈತಿ. ಕಳಸೂಕ್ಕಿಂತ ಮೊದಲ ಒಂದು ಮಾತು ಕೇಳತೈತಿ ಖರೆ, ಆದ್ರ ಅದನ್ನ ಓದಿ ಒತ್ತೂ ಮಂದಿ ಕಡಿಮಿ. ಆರ್ಡರ್ ಬರಕೊಂಡ ಮ್ಯಾಲ 303 ಅನ್ನೂ ಉತ್ತರ ಕೊಟ್ಟು ಬ್ಯಾರೆ ವಿಳಾಸಕ್ಕ ಕಳಿಸಿಬಿಡ್ರಿ, ಆ ವಿಳಾಸ ಆರ್ಡರ್ ನಂಬರ್ ತೋರಿಸಲಿ. ಆಮ್ಯಾಲ ಗಿರಾಕಿ ಹತ್ತು ಸಲ ರಿಫ್ರೆಶ್ ಮಾಡಿದ್ರೂ ಆ ಪೇಜ್ ಅಷ್ಟ ತೆರೀತೈತಿ. 307 ಕೊಡಬ್ಯಾಡ್ರಿ ಮತ್ತ, ಅದು ಪೋಸ್ಟನ್ನ ಪೋಸ್ಟ್ ಆಗೇ ಮುಂದಕ್ಕ ಒಯ್ಯತೈತಿ.

ಇನ್ನ ಆ 7 ಸೆಕೆಂಡ್. ಎಸ್‌ಎಂಎಸ್ ಹೋಗೂ ತನಕ ನಿಮ್ಮ ಪಿಎಚ್‌ಪಿ ಗಿರಾಕಿನ್ನ ಕಾಯಿಸಾಕತ್ತೈತಿ. ಅದನ್ನ ತಗದು ಒಂದು ಟೇಬಲ್‌ನ್ಯಾಗ ‘ಕಳಸಬೇಕು’ ಅಂತ ಬರದು ಇಡ್ರಿ, ನಿಮಿಷಕ್ಕೊಮ್ಮೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನ ಓಡೂ ಕೆಲಸ) ಓಡಿ ಅದು ಕಳಸಲಿ. ಪೇಜ್ ಲಗೂನ ಬಂದ್ರ ಎರಡನೇ ಸಲ ಒತ್ತೂ ಮನಸ್ಸ ಆಗೂದಿಲ್ಲ.

ಇಷ್ಟೆಲ್ಲಾ ಮಾಡಿದ್ರೂ ಪೂರಾ ನಿಲ್ಲೂದಿಲ್ಲ. ಬಟನ್ ಅನ್ನೂದು ಗಿರಾಕಿ ಕೈಯಾಗಿನ ಫೋನಿನ್ಯಾಗ ಐತಿ. ಕಡೀ ಮಾತು ಸರ್ವರ್‌ದ್ದ ಆಗಬೇಕು.

ಮೋಟೆಬೆನ್ನೂರ ರಸ್ತೆ, ಬ್ಯಾಡಗಿ

ನಾ ಕೋಡ್ ಬರಿಯಾಂವ ಅಲ್ರಿ. ಊರಾಗ ಅರ್ಜಿ ತುಂಬಿಕೊಡೂ ಅಂಗಡಿ ಇಟ್ಟೀನಿ. ಜನವರಿಯಿಂದ ಮಾರ್ಚ್ ತನಕ ಮೆಣಸಿನಕಾಯಿ ಸೀಸನ್ ಇದ್ದಾಗ ಮಾರ್ಕೆಟ್ಟಿಗೆ ಬಂದ ರೈತರು ಹಂಗ ನನ್ನ ಅಂಗಡಿಗೂ ಬರತಾರ. ಹಿಂಗಾಗಿ ಮಂದಿ ಎರಡು ಸಲ ಯಾಕ ಒತ್ತತಾರ ಅನ್ನೂದು ದಿನಾ ನೋಡತೀನಿ, ಅದನ್ನ ಹೇಳತೀನಿ.

ಕಂಪ್ಯೂಟರಿನ್ಯಾಗ ಫೈಲ್ ತೆರಿಯಾಕ ಎರಡು ಸಲ ಒತ್ತಬೇಕು ಅಂತ ಕಲತವರು ವೆಬ್‌ಸೈಟಿನ್ಯಾಗೂ ಎಲ್ಲಾದಕ್ಕೂ ಎರಡು ಸಲ ಒತ್ತತಾರ. ಅವರಿಗೆ ಅದು ರೂಢಿ. ಇನ್ನ ಉಳದವರು ಅಂಜಿ ಒತ್ತತಾರ. ‘ಹೋತೋ ಇಲ್ಲೋ’ ಅನ್ನೂ ಅಂಜಿಕಿ. ಹೋದ ಸೀಸನ್ನಿನ್ಯಾಗ ಹಿರೇರೊಬ್ರು ನನ್ನ ಮುಂದ ಕುಂತು ಮಗನ ಫೋನಿನ್ಯಾಗ ಏನೋ ಅರ್ಜಿ ಕಳಸಾಕತ್ತಿದ್ರು. ಒಮ್ಮೆ ಒತ್ತಿದ್ರು. ಏನೂ ಆಗಲಿಲ್ಲ. ಫೋನ್ ಎತ್ತಿ ಬಾಗಿಲಿಗೆ ಹೋಗಿ ಮ್ಯಾಲ ಹಿಡದ್ರು, ಮತ್ತ ಒತ್ತಿದ್ರು, ಮತ್ತ ಒಳಗ ಬಂದು ಒತ್ತಿದ್ರು. ಅವರಿಗೆ ಬೇಕಾದ್ದು ಒಂದ, ತಮ್ಮ ಅರ್ಜಿ ಮುಟ್ಟೈತಿ ಅನ್ನೂ ಒಂದು ನಂಬರ್. ಅದನ್ನ ಕಂಡಿದ್ರ ಫೋನ್ ಕಿಸೆದಾಗ ಇಟ್ಟು ಚಹಾ ಕುಡಿಯಾಕ ಹೋಗತಿದ್ರು.

ಅದಕ್ಕ ನಿಮ್ಮ ಪೇಜಿನ್ಯಾಗ ‘ನನ್ನ ಆರ್ಡರ್ ಬಂದೈತೇನು?’ ಅಂತ ಒಂದು ಜಾಗಾ ಇಡ್ರಿ ತಂಗಿ. ಫೋನ್ ನಂಬರ್ ಹಾಕಿದ್ರ ಆ ನಂಬರಿಗೆ ಎಸ್‌ಎಂಎಸ್ ಹೋಗಲಿ. ಮತ್ತ ನೀವು ಹಾಕಿದ ಐದು ನಿಮಿಷದ ಪರೀಕ್ಷಾ ತಗೀಬ್ಯಾಡ್ರಿ, ಅದರ ಕೆಲಸ ಬದಲಿ ಮಾಡ್ರಿ. ಒಂದ ನಮೂನಿ ಎರಡು ಬಂದ್ರ ಎರಡೂ ಬರಕೊಳ್ರಿ, ಅವ್ವನ ಪಟ್ಟಿಯೊಳಗ ಅದರ ಮುಂದ ‘ಫೋನ್ ಮಾಡಿ ಕೇಳಬೇಕು’ ಅಂತ ಬರಲಿ. ರೊಟ್ಟಿ ಬಡಿಯೂಕ್ಕಿಂತ ಒಂದು ಫೋನ್ ಹಗುರ.

ಸಾಧನಕೇರಿ, ಧಾರವಾಡ

ಮೇಲಿನ ಇಬ್ಬರೂ ಹೇಳಿದ್ದು ಸರಿ ಅದ. ನಾನು ಡೇಟಾಬೇಸ್ ಕಡೆಯಿಂದ ಹೇಳತೇನಿ.

ನೀವು ಕಡೆಗೆ ಕೇಳೀರಲ್ಲಾ, ಒಂದ ಆರ್ಡರ್ ಎರಡು ಸಲ ಬಂದದ್ದು ಯಾವುದು, ಎರಡು ಆರ್ಡರ್ ಒಂದ ನಮೂನಿ ಇರೋದು ಯಾವುದು ಅಂತ. ಇಡೀ ವಿಷಯ ಅದರಾಗ ಅದ. ಒಳಗಿನ ಮಾಹಿತಿ ನೋಡಿ ಇದನ್ನ ಎಂದೂ ಹೇಳಲಿಕ್ಕೆ ಆಗೋದಿಲ್ಲ. ಹಿಟ್ಟಿನ ಗಿರಣಿಯೊಳಗ ನೋಡ್ರಿ. ಇಬ್ಬರು ಐದೈದು ಕೆಜಿ ಬಿಳಿಜೋಳ ತಂದಿರತಾರ, ಡಬ್ಬಿನೂ ಒಂದ ನಮೂನಿ. ಗಿರಣಿಯವ ಜೋಳ ನೋಡಿ ಯಾರದು ಅಂತ ಹೇಳೋದಿಲ್ಲ, ಡಬ್ಬಿ ಇಡೋ ಮುಂದ ಹಾಕಿದ ಚೀಟಿ ನೋಡತಾನ. ನಿಮ್ಮ ಫಾರ್ಮಿಗೂ ಅಂಥ ಚೀಟಿ ಬೇಕು.

ಫಾರ್ಮ್ ತೆರೆದಾಗ ಸರ್ವರ್ ಒಂದು ಟೋಕನ್ ಹುಟ್ಟಿಸಬೇಕು. ಪಿಎಚ್‌ಪಿ 7ರಿಂದ ರ‍್ಯಾಂಡಮ್ ಬೈಟ್ಸ್ ಅನ್ನೋ ಫಂಕ್ಷನ್ ಅದ, 16 ಬೈಟ್ ತೊಗೊಂಡು ಹೆಕ್ಸ್ ಮಾಡಿದರ 32 ಅಕ್ಷರ ಆಗತದ. ಅದನ್ನ ಫಾರ್ಮಿನೊಳಗ ಹಿಡನ್ ಫೀಲ್ಡ್ (ಗಿರಾಕಿಗೆ ಕಾಣದ ಜಾಗಾ) ಮಾಡಿ ಇಡ್ರಿ. ಗಿರಾಕಿ ಎಷ್ಟು ಸಲ ಒತ್ತಿದರೂ ಅದ ಟೋಕನ್ ಬರತದ. ತವರಮನಿಗೆ, ಗಂಡನ ಮನಿಗೆ ಅಂತ ಎರಡು ಸಲ ಫಾರ್ಮ್ ತೆರೆದು ತುಂಬಿದವರಿಗೆ ಎರಡು ಟೋಕನ್ ಸಿಗತಾವ.

ಇಲ್ಲೆ ಬಹಳ ಮಂದಿ ಎಡವತಾರ, ಅದಕ್ಕ ಸಾವಕಾಶ ಹೇಳತೇನಿ. ‘ಈ ಟೋಕನ್ ಟೇಬಲ್‌ನಾಗ ಅದ ಏನು ಅಂತ ಮೊದಲು ಸೆಲೆಕ್ಟ್ ಮಾಡಿ ನೋಡು, ಇಲ್ಲದಿದ್ದರ ಇನ್ಸರ್ಟ್ ಮಾಡು’ ಅಂತ ಬರೀಬ್ಯಾಡ್ರಿ. ಎರಡು ಸಲ ಲಗುಲಗು ಒತ್ತಿದಾಗ ಎರಡು ಪೋಸ್ಟ್ ಒಂದರ ಬೆನ್ನಿಗೆ ಒಂದು ಬಂದು ಸರ್ವರ್ ಮ್ಯಾಲ ಏಕಕಾಲಕ್ಕ ಓಡತಾವ. ಮೊದಲನೇದು ಸೆಲೆಕ್ಟ್ ಮಾಡಿತು, ಇಲ್ಲ. ಎರಡನೇದೂ ಮಾಡಿತು, ಅದಕ್ಕೂ ಇಲ್ಲ, ಯಾಕಂದರ ಮೊದಲನೇದು ಇನ್ನೂ ಬರೆದಿಲ್ಲ. ಎರಡೂ ಇನ್ಸರ್ಟ್ ಮಾಡತಾವ. ಮನಿಯೊಳಗ ಪರೀಕ್ಷಾ ಮಾಡಿದಾಗ ಇದು ಸಿಗೋದಿಲ್ಲ, ಗದ್ದಲ ಇದ್ದ ದಿನ ಸಿಗತದ. ಟೋಕನ್ ಕಾಲಮ್ಮಿಗೆ ಯುನೀಕ್ ಇಂಡೆಕ್ಸ್ (ಒಂದ ಟೋಕನ್ ಎರಡು ಸಲ ಬರದಂಗ ತಡಿಯೋ ನಿಯಮ) ಹಾಕ್ರಿ, ಕೇಳದನ ಇನ್ಸರ್ಟ್ ಮಾಡ್ರಿ. ಎರಡನೇದಕ್ಕ ಮೈಎಸ್‌ಕ್ಯೂಎಲ್ 1062 ಅನ್ನೋ ಎರರ್ ಕೊಡತದ. ಆ ಎರರ್ ಹಿಡೀರಿ.

ಹಿಡಿದ ಮ್ಯಾಲ ಗಿರಾಕಿಗೆ ‘ತಪ್ಪಾಗಿದೆ’ ಅಂತ ಕೆಂಪು ಅಕ್ಷರ ತೋರಿಸಬಾರದು. ಆ ಟೋಕನ್ನಿನ ಹಳೇ ಆರ್ಡರ್ ನಂಬರ್ ಹುಡುಕಿ, ಮೊದಲನೇದಕ್ಕ ತೋರಿಸೋ ಪೇಜಿಗೇ 303 ಕೊಟ್ಟು ಕಳಿಸ್ರಿ. ಗಿರಾಕಿ ಕಣ್ಣಿಗೆ ಕಾಣೋದು ಎರಡನೇ ಪೋಸ್ಟಿನ ಉತ್ತರ, ಅದರಾಗ ಎರರ್ ಕಂಡರ ಅವರು ಮೂರನೇ ಸಲ ಒತ್ತತಾರ.

ಕಡೀ ಮಾತು. ಫಾರ್ಮಿನ ಪೇಜನ್ನ ನಡುವಿನ ಯಾವ ಕ್ಯಾಶ್‌ನೂ (ಪೇಜಿನ ನಕಲು ಕಾಯ್ದಿಡೋ ಜಾಗಾ) ಇಟ್ಟುಕೊಂಡು ಹಂಚಬಾರದು. ಒಂದ ಟೋಕನ್ ಹತ್ತು ಮಂದಿಗೆ ಹೋದರ ಹತ್ತರಾಗ ಒಂಬತ್ತು ಆರ್ಡರ್ ಮುಳುಗತಾವ.

ಮುಳಗುಂದ ನಾಕಾ, ಗದಗ

ಮೂವರಿಗೂ ಭಾಳ ಉಪಕಾರ ಆತ್ರಿ. ಶನಿವಾರ, ಐತವಾರ ಎರಡು ದಿನ ಕುಂತು ಎಲ್ಲಾ ಮಾಡಿದೆ. ಸಬ್ಮಿಟ್ ಇವೆಂಟ್, 303, ಎಸ್‌ಎಂಎಸ್ ಕ್ರಾನಿಗೆ, ಟೋಕನ್, ಯುನೀಕ್ ಇಂಡೆಕ್ಸ್. ಪರೀಕ್ಷಾಕ್ಕ ಅಂತ ಬಟನ್ ಡಿಸೇಬಲ್ ಆಗದಂಗ ಮಾಡಿ ಹತ್ತು ಸಲ ಒತ್ತಿ ನೋಡಿದೆ, ಒಂದ ಸಾಲು ಬಿತ್ತು.

ಆಮ್ಯಾಲ ನೆಟ್‌ವರ್ಕ್ ಹೋದದ್ದನ್ನ ಪರೀಕ್ಷಾ ಮಾಡೂಣಂತ, ಆರ್ಡರ್ ಬರದ ಮ್ಯಾಲ 10 ಸೆಕೆಂಡ್ ಸುಮ್ನ ನಿಲ್ಲೂ ಹಂಗ ಪಿಎಚ್‌ಪಿಯೊಳಗ ಒಂದು ಸ್ಲೀಪ್ ಹಾಕಿದೆ. ಫೋನಿನ್ಯಾಗ ಆರ್ಡರ್ ಒತ್ತಿ ಐದು ಎಣಿಸಿ ಏರೋಪ್ಲೇನ್ ಮೋಡ್ ಹಾಕಿದೆ. ಸರ್ವರ್‌ನ್ಯಾಗ ಸಾಲು ಬಿದ್ದಿತ್ತು, ಫೋನಿನ್ಯಾಗ ಇಂಟರ್ನೆಟ್ ಇಲ್ಲ ಅನ್ನೂ ಪೇಜ್. ನೆಟ್ ಚಾಲೂ ಮಾಡಿ ಗಿರಾಕಿ ಮಾಡೂ ಹಂಗ ಹಿಂದಕ್ಕ ಬಂದೆ. ಫಾರ್ಮ್ ಸರ್ವರಿನಿಂದ ಹೊಸದಾಗಿ ಬಂತು, ಹೊಸಾ ಟೋಕನ್ ಜೋಡಿ. ತುಂಬಿ ಒತ್ತಿದೆ. ಎರಡು ಸಾಲು.

ಲಕ್ಷ್ಮೇಶ್ವರದವರು ಮಾಡಿದ್ದಕ್ಕ ಈಗ ಪರಿಹಾರ ಐತಿ, ಎರಡನೇ ವಾರದ್ದಕ್ಕ ಇಲ್ಲ. ಏನ್ ತಪ್ಪಿದೆ?

ಇನ್ನೊಂದು ಸಣ್ಣ ಸಂಶಯ. ಆರ್ಡರ್ ನಂಬರ್ 431 ಆದ ಮ್ಯಾಲ ಸೀದಾ 441 ಬಂದೈತಿ. ಹತ್ತು ಸಲ ಒತ್ತಿದ್ದಕ್ಕ ಅಂತ ಕಾಣತೈತಿ. ನಡುವಿನವು ಎಲ್ಲಿಗೆ ಹೋದ್ವು? ಲೆಕ್ಕ ಬರಿಯಾಕಿಗೆ ನಂಬರ್ ತಪ್ಪಿದ್ರ ನಿದ್ದಿ ಬರೂದಿಲ್ರಿ.

ಉಣಕಲ್ ಕೆರಿ, ಹುಬ್ಬಳ್ಳಿ

ಏರೋಪ್ಲೇನ್ ಮೋಡ್ ಪರೀಕ್ಷಾ ಛಲೋ ಮಾಡಿದ್ರಿ ಅಕ್ಕಾರ. ಇದನ್ನ ಮಾಡಿ ನೋಡೂ ಮಂದಿ ನಮ್ಮ ಆಫೀಸಿನ್ಯಾಗೂ ಕಡಿಮಿ.

ಪಿಎಚ್‌ಪಿಯೊಳಗ ಸೆಷನ್ (ಗಿರಾಕಿನ್ನ ಗುರ್ತಿಡೂ ಸೌಲಭ್ಯ) ಚಾಲೂ ಮಾಡಿದ್ರ, ಈ ಪೇಜ್ ಇಟ್ಟುಕೋಬ್ಯಾಡ ಅಂತ ಬ್ರೌಸರಿಗೆ ಹೇಳೂ ಹೆಡರ್ ತಾನಾಗೇ ಹೋಗತಾವ. ಅದಕ್ಕ ಹಿಂದಕ್ಕ ಬಂದಾಗ ಅದು ಮತ್ತ ಸರ್ವರಿಗೆ ಬಂದು ಹೊಸಾ ಫಾರ್ಮ್ ಒಯ್ಯತೈತಿ. ಕ್ಯಾಶ್ ಆಗಬಾರದು ಅನ್ನೂದೂ ಬೇಕು, ಹಿಂದಕ್ಕ ಬಂದ್ರ ಹಳೇ ಟೋಕನ್ ಉಳೀಬೇಕು ಅನ್ನೂದೂ ಬೇಕು. ಎರಡೂ ಆಗಬೇಕಂದ್ರ ಟೋಕನ್ನನ್ನ ಪೇಜಿನೊಳಗ ಇಡಬಾರದು.

ಅದನ್ನ ಗಿರಾಕಿ ಫೋನಿನ್ಯಾಗ ಹುಟ್ಟಿಸ್ರಿ. ಫಾರ್ಮ್ ತೆರೆದಾಗ ಸೆಷನ್ ಸ್ಟೋರೇಜ್‌ನ್ಯಾಗ (ಬ್ರೌಸರಿನ ಆ ಟ್ಯಾಬಿನ ತಾತ್ಕಾಲಿಕ ಜಾಗಾ) ಟೋಕನ್ ಐತೇನು ನೋಡ್ರಿ. ಇದ್ರ ಅದನ್ನ ಹಿಡನ್ ಫೀಲ್ಡಿಗೆ ತುಂಬ್ರಿ, ಇಲ್ಲಂದ್ರ ಹೊಸದು ಮಾಡಿ ಅಲ್ಲೆ ಇಡ್ರಿ. ಸೆಷನ್ ಸ್ಟೋರೇಜ್ ರೀಲೋಡ್ ಆದ್ರೂ ಉಳೀತೈತಿ, ಟ್ಯಾಬ್ ಮುಚ್ಚಿದ್ರ ಹೋಗತೈತಿ. ಆ ಟೋಕನ್ನನ್ನ ಅಳಸೂದು ಒಂದ ಕಡೆ: ‘ನಿಮ್ಮ ಆರ್ಡರ್ ಬಂತು’ ಪೇಜ್ ಗಿರಾಕಿ ಫೋನಿನ್ಯಾಗ ತೆರೆದ ಮ್ಯಾಲ. ಗಿರಾಕಿ ಆ ಪೇಜ್ ನೋಡೂ ತನಕ ಅವರು ಏನು ಒತ್ತಿದ್ರೂ ಅದು ಮೊದಲಿನ ಆರ್ಡರ್. ನೋಡಿದ ಮ್ಯಾಲ ಒತ್ತಿದ್ರ ಹೊಸದು. ಮಂದಿ ಮನಸ್ಸಿನ್ಯಾಗೂ ಲೆಕ್ಕ ಹಿಂಗ ಇರತೈತಿ.

ಟೋಕನ್ ಮಾಡಾಕ ಬ್ರೌಸರಿನ್ಯಾಗ ಕ್ರಿಪ್ಟೋ ಅನ್ನೂದು ಐತಿ. ಅದರ ರ‍್ಯಾಂಡಮ್ ಯುಯುಐಡಿ ಹಳೇ ಫೋನುಗಳೊಳಗ ಇರೂದಿಲ್ಲ, ಎಚ್‌ಟಿಟಿಪಿಎಸ್ ಇಲ್ಲದ ಸೈಟಿನ್ಯಾಗೂ ಸಿಗೂದಿಲ್ಲ. ಗೆಟ್ ರ‍್ಯಾಂಡಮ್ ವ್ಯಾಲ್ಯೂಸ್ ಬಳಸ್ರಿ, ಅದು ಹಳೇವುದರೊಳಗೂ ಐತಿ. ಜಾವಾಸ್ಕ್ರಿಪ್ಟ್ ಓಡದ ಫೋನಿಗೆ ನಿಮ್ಮ ಈಗಿನ ಸರ್ವರ್ ಟೋಕನ್ ಹಂಗ ಇರಲಿ.

ಸಾಧನಕೇರಿ, ಧಾರವಾಡ

ಉಣಕಲ್ಲಿನವರು ಹೇಳಿದ್ದು ನನ್ನ ಉತ್ತರದಾಗ ಬಿಟ್ಟುಹೋಗಿತ್ತು, ಅವರದ್ದ ಸರಿ. ಅದಕ್ಕ ಒಂದು ಸೇರಿಸತೇನಿ. ಗಿರಾಕಿ ನೆಟ್ ಹೋಗಿ ಹಿಂದಕ್ಕ ಬಂದು, ‘ಇರಲಿ, 300ರ ಬದಲಿ 350 ಮಾಡೋಣ’ ಅಂತ ಬದಲಿಸಿ ಒತ್ತಿದರ? ಟೋಕನ್ ಹಳೇದು, ಒಳಗಿನದು ಹೊಸದು. ಸುಮ್ನ ಹಳೇ ನಂಬರ್ ತೋರಿಸಿದರ 50 ರೊಟ್ಟಿ ಕಡಿಮಿ ಬೀಳತಾವ. ಅದಕ್ಕ 1062 ಬಂದಾಗ ಹಳೇ ಸಾಲಿನ ಜೋಡಿ ಹೋಲಿಸಿ ನೋಡ್ರಿ. ಎಲ್ಲಾ ಒಂದ ಇದ್ದರ ಹಳೇ ನಂಬರ್. ಬ್ಯಾರೆ ಇದ್ದರ ಗಿರಾಕಿನ್ನ ಕೇಳ್ರಿ: 300ರ ಆರ್ಡರ್ ಆಗಲೇ ಬಂದದ, ಅದನ್ನ 350 ಮಾಡಬೇಕೋ, ಇದು ಬ್ಯಾರೆ ಆರ್ಡರೋ? ಬ್ಯಾರೆ ಅಂದರ ಅಲ್ಲೇ ಹೊಸ ಟೋಕನ್ ಕೊಡ್ರಿ.

ನಂಬರ್ ತಪ್ಪಿದ್ದಕ್ಕ ಕಾರಣ ಇಷ್ಟ. ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಒಳಗ ಟೇಬಲ್ ನಡಸೋ ಭಾಗ) ಮೊದಲು ಆಟೋ ಇನ್ಕ್ರಿಮೆಂಟ್ (ತಾನಾಗೇ ಏರೋ) ನಂಬರ್ ತೊಗೋತದ, ಆಮ್ಯಾಲ ಯುನೀಕ್ ಇಂಡೆಕ್ಸ್ ನೋಡತದ. ಇನ್ಸರ್ಟ್ ಬಿದ್ದುಹೋದರೂ ತೊಗೊಂಡ ನಂಬರ್ ತಿರುಗಿ ಕೊಡೋದಿಲ್ಲ. ನೀವು ಹತ್ತು ಸಲ ಒತ್ತೀರಿ, ಮೊದಲನೇದು 431, ಉಳಿದ ಒಂಬತ್ತು ನಂಬರ್ ಹೋದವು, ಮುಂದಿನ ಆರ್ಡರ್ 441. ಲೆಕ್ಕ ಸರಿ ಅದ.

ಇದನ್ನ ಕಡಿಮಿ ಮಾಡಬೇಕಂದರ ಟೋಕನ್ನಿಗೆ ಬ್ಯಾರೆ ಟೇಬಲ್ ಮಾಡ್ರಿ, ಟೋಕನ್ನೇ ಅದರ ಪ್ರೈಮರಿ ಕೀ (ಎರಡು ಸಲ ಬರಲಾರದ ಗುರ್ತು). ಟ್ರಾನ್ಸಾಕ್ಷನ್ (ಆದರ ಎಲ್ಲಾ ಆಗಬೇಕು, ಇಲ್ಲಾಂದರ ಏನೂ ಆಗಬಾರದು ಅನ್ನೋ ಕಟ್ಟು) ಚಾಲೂ ಮಾಡಿ ಮೊದಲು ಅಲ್ಲೆ ಇನ್ಸರ್ಟ್ ಮಾಡ್ರಿ, ಅದು ದಾಟಿದರ ಮಾತ್ರ ಆರ್ಡರ್ ಟೇಬಲ್ಲಿಗೆ ಹೋಗ್ರಿ, ಎಸ್‌ಎಂಎಸ್ ಸಾಲೂ ಅದರಾಗ ಬರೀರಿ, ಕಡೆಗೆ ಕಮಿಟ್, ಅಂದರ ಎಲ್ಲಾ ಪಕ್ಕಾ. ನಕಲಿ ಪೋಸ್ಟ್ ಬಾಗಿಲಾಗೇ ನಿಲ್ಲತದ, ಆರ್ಡರ್ ನಂಬರ್ ಮುಟ್ಟೋದಿಲ್ಲ. ಇನ್ನೊಂದು ಅನುಕೂಲ ಅದ. ಮೊದಲನೇದು ಕಮಿಟ್ ಆಗೋ ತನಕ ಎರಡನೇದು ಕಾಯತದ. ಮೊದಲನೇದು ನಡುವ ಏನೋ ತಪ್ಪಿ ರೋಲ್‌ಬ್ಯಾಕ್ (ಬರೆದದ್ದೆಲ್ಲಾ ರದ್ದು) ಆದರ ಎರಡನೇದು ಒಳಗ ಹೋಗತದ, ಗಿರಾಕಿ ಆರ್ಡರ್ ಉಳೀತದ. ಅದು ಕಾಯೋ ಹೊತ್ತು ನಾವು ಬದಲಿ ಮಾಡದಿದ್ದರ 50 ಸೆಕೆಂಡ್ ಅಂತ ಇರತದ, ಅದಕ್ಕ ಟ್ರಾನ್ಸಾಕ್ಷನ್ ಒಳಗ ಹೊರಗಿನ ಯಾವ ಸರ್ವಿಸನ್ನೂ ಕರೀಬ್ಯಾಡ್ರಿ. ಇಷ್ಟು ಮಾಡಿದರೂ ರೋಲ್‌ಬ್ಯಾಕ್ ಆದಾಗ ಒಂದೊಂದು ನಂಬರ್ ತಪ್ಪತದ. ಬಿಲ್ ನಂಬರ್ ಓಳಿಯಾಗ ಬೇಕಂದರ ಬಿಲ್ ಮಾಡೋ ಮುಂದ ಬ್ಯಾರೆ ಕೊಡ್ರಿ, ಆರ್ಡರ್ ನಂಬರನ್ನ ಅದಕ್ಕ ಬಳಸಬ್ಯಾಡ್ರಿ.

ಮುಳಗುಂದ ನಾಕಾ, ಗದಗ

ಎರಡು ವಾರ ಆತು, ಹೇಳೂಣಂತ ಬಂದೆ. ಸೆಷನ್ ಸ್ಟೋರೇಜ್ ಹಾಕಿ ಅದ ಏರೋಪ್ಲೇನ್ ಪರೀಕ್ಷಾ ಮತ್ತ ಮಾಡಿದೆ. ಹಿಂದಕ್ಕ ಬಂದು ತುಂಬಿ ಒತ್ತಿದ್ರ ಹಳೇ ನಂಬರ್ ತೋರಿಸ್ತು. ಟೋಕನ್ ಟೇಬಲ್ ಬ್ಯಾರೆ ಮಾಡೀನಿ, 1062 ಬಂದಾಗೆಲ್ಲಾ ಒಂದು ಫೈಲಿನ್ಯಾಗ ಬರದು ಇಡತೀನಿ. ಈ ಎರಡು ವಾರದೊಳಗ 63 ಆರ್ಡರ್ ಬಂದಾವ, ಫೈಲಿನ್ಯಾಗ 11 ಸಾಲು ಐತಿ. ಅದರಾಗ ನಾಕು ಒಬ್ಬರದ್ದ, ಮುಂಜಾನೆ 6 ಗಂಟೆಕ್ಕ, ರೋಣದ ಕಡೆಯವರು. ಅವರಿಗೆ 20 ಸಜ್ಜಿ ರೊಟ್ಟಿ ಬೇಕಾಗಿದ್ದು, ಅಷ್ಟ ಹೋದ್ವು.

ಬ್ಯಾಡಗಿ ಅಣ್ಣಾರು ಹೇಳಿದ್ದನ್ನೂ ಮಾಡೀನಿ. ಟ್ಯಾಬ್ ಮುಚ್ಚಿ ಮತ್ತ ತೆರೆದು ಹಾಕಿದವರನ್ನ ಟೋಕನ್ ಹಿಡಿಯೂದಿಲ್ಲಲ್ಲಾ, ಅಂಥಾವು ಪಟ್ಟಿಯೊಳಗ ಕೆಂಪಾಗಿ ‘ಕೇಳಬೇಕು’ ಅಂತ ಬರತಾವ. ನಿನ್ನೆ ರಾತ್ರಿ ಒಂದು ಬಂದಿತ್ತು, 100 ಮತ್ತ 100, ಅದ ನಂಬರ್, ಅದ ದಿನ. ಅವ್ವ ಕನ್ನಡಕ ಹಾಕ್ಕೊಂಡು ಫೋನ್ ಹಚ್ಚಿದ್ಲು. ಆ ಕಡೆ ಅದ ಅಕ್ಕಾರು. “ಹೌದ್ರೀ ಅವ್ವಾರ, ಎರಡೂ ಬೇಕು, ಈ ಸಲ ಗಂಡನ ಮನಿದು ಮೊದಲ ಮುಟ್ಟಿಸ್ರಿ” ಅಂದ್ರಂತ. ಅವ್ವ ಪೆನ್ನು ತಗೊಂಡು ಕ್ಯಾಲೆಂಡರ್ ಮ್ಯಾಲ 200 ಅಂತ ಬರದು, ಹಿಟ್ಟು ಅಳಿಯಾಕ ಎದ್ದಳು.